ಸೌದೆ ಕೊಟ್ಟಿಗೆಯ ವಿಜ್ಞಾನಿ ಚಾರ್ಲ್ಸ್ ಮಾರ್ಟಿನ್ ಹಾಲ್

ಭಾನುವಾರ ಬೆಳಗಿನ ಜಾವದ ಒಂದು ನೋಟ ದೇವನಹಳ್ಳಿ ಕಡೆಯ ಮಕ್ಕಳಿಗೆ ಚೆನ್ನಾಗಿ ಗೊತ್ತು. ಬೆಂಗಳೂರಿನಿಂದ ಹೊರಟ ಸೈಕಲ್ ಸವಾರರು ಗುಂಪುಗುಂಪಾಗಿ ನಂದಿ ಬೆಟ್ಟದ ಕಡೆಗೆ ಹೋಗುತ್ತಿರುತ್ತಾರೆ. ತಲೆಗೆ ಹೆಲ್ಮೆಟ್, ಮೈಗಂಟಿದ ಬಣ್ಣದ ಅಂಗಿ, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್. ದಾರಿಯಲ್ಲಿ ಟೀ ಕುಡಿಯಲು ನಿಂತಾಗ ಸೈಕಲನ್ನು ಒಂದೇ ಕೈಯಲ್ಲಿ ಎತ್ತಿ ಗೋಡೆಗೆ ಒರಗಿಸುತ್ತಾರೆ. ನಮ್ಮ ಮನೆಯ ಸೈಕಲನ್ನು ಹಾಗೆ ಎತ್ತಲು ಹೋದರೆ ಸೊಂಟ ಹಿಡಿದುಕೊಂಡೀತು!

ವ್ಯತ್ಯಾಸ ಇರುವುದು ಮುಖ್ಯವಾಗಿ ಫ್ರೇಮಿನಲ್ಲಿ. ನಮ್ಮ ಸೈಕಲ್ಲಿನ ಫ್ರೇಮು ಉಕ್ಕಿನ ಕೊಳವೆಗಳದ್ದು. ಆ ಹಗುರ ಸೈಕಲ್ಲುಗಳಲ್ಲಿ ಕೆಲವಕ್ಕೆ ಕಾರ್ಬನ್ ಎಳೆಗಳ ಫ್ರೇಮು, ಹಲವಕ್ಕೆ ಅಲ್ಯೂಮಿನಿಯಂ ಫ್ರೇಮು. ಇವುಗಳಿಗೂ ಒಂದು ಹೆಜ್ಜೆ ಮುಂದೆ ಹೋದ ಸೈಕಲ್ ಒಂದಿದೆ. ಅದಕ್ಕೆ ಟ್ರ್ಯಾಕ್ ಸೈಕಲ್ ಎಂದು ಹೆಸರು. ಅದರಲ್ಲಿ ಗೇರುಗಳಿಲ್ಲ, ಫ್ರೀವೀಲ್ ಇಲ್ಲ, ಬ್ರೇಕ್ ಕೂಡ ಇಲ್ಲ! ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರಬೇಕು. ಬೋಗುಣಿಯ ಅಂಚಿನಂತೆ ಓರೆಯಾಗಿ ಕಟ್ಟಿದ ವೆಲೊಡ್ರೋಮ್ ಎಂಬ ಓಟದ ಅಂಕಣಕ್ಕಾಗಿ ಮಾಡಿದ ಸೈಕಲ್ ಇದು. 2008ರಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ರೆಡ್ ಹುಕ್ ಎಂಬ ಕಡೆ ಇದೇ ಸೈಕಲ್ಲುಗಳ ಪಂದ್ಯವನ್ನು ರಾತ್ರಿ ಹೊತ್ತು ಊರೊಳಗೆ ನಡೆಸತೊಡಗಿದರು. ಆ ಬಳಿಕ ನಗರದ ಓಟಕ್ಕೆಂದೇ ಅಲ್ಯೂಮಿನಿಯಂ ಟ್ರ್ಯಾಕ್ ಫ್ರೇಮುಗಳು ತಯಾರಾದವು. (ಮಕ್ಕಳೇ, ಇದು ಮುಚ್ಚಿದ ದಾರಿಯಲ್ಲಿ, ತರಬೇತಾದವರು ಆಡುವ ಆಟ. ಬ್ರೇಕ್ ಕಿತ್ತ ಸೈಕಲನ್ನು ನಮ್ಮ ರಸ್ತೆಗೆ ಇಳಿಸುವಂತಿಲ್ಲ!)

ಅಂಥ ಒಂದು ಫ್ರೇಮಿನ ತೂಕ ಸುಮಾರು ಒಂದೂವರೆ ಕಿಲೊ. ಅಂದರೆ ಒಂದು ದೊಡ್ಡ ದೇವನಹಳ್ಳಿ ಚಕ್ಕೋತದಷ್ಟು. ಇಷ್ಟು ಅಲ್ಯೂಮಿನಿಯಂ ಅನ್ನು ಇಂದು ಸೈಕಲ್ಲಿಗೂ ಬಳಸುತ್ತೇವೆ, ಅನ್ನದ ಪಾತ್ರೆಗೂ ಬಳಸುತ್ತೇವೆ. ಆದರೆ ನಿಮ್ಮ ಮುತ್ತಜ್ಜನ ಮುತ್ತಜ್ಜನ ಕಾಲದಲ್ಲಿ ಇಷ್ಟು ಅಲ್ಯೂಮಿನಿಯಂ ಇಟ್ಟುಕೊಂಡವನು ದೊಡ್ಡ ಸಿರಿವಂತನೇ ಆಗಿರಬೇಕಿತ್ತು. ಅದನ್ನು ಎಲ್ಲರ ಕೈಗೆ ಎಟುಕಿಸಿದವರಲ್ಲಿ ಒಬ್ಬ, ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಕುಲುಮೆ ಹೂಡಿದ ಇಪ್ಪತ್ತೆರಡು ವರ್ಷದ ಹುಡುಗ. ಅವನ ಕಥೆ ಇದು.

ಮಣ್ಣಿನಲ್ಲಿದ್ದರೂ ಕೈಗೆ ಸಿಗದ ಲೋಹ

ಭೂಮಿಯ ತೊಗಟೆಯಲ್ಲಿ ಅತಿ ಹೆಚ್ಚಾಗಿರುವ ಲೋಹ ಯಾವುದು ಗೊತ್ತೇ? ಕಬ್ಬಿಣವಲ್ಲ, ಅಲ್ಯೂಮಿನಿಯಂ. ತೊಗಟೆಯ ತೂಕದಲ್ಲಿ ಅದರ ಪಾಲು ಶೇಕಡ 8. ನಿಮ್ಮ ಶಾಲೆಯ ಅಂಗಳದ ಕೆಂಪು ಮಣ್ಣಿನಲ್ಲೂ ಅದು ಇದೆ. ಆದರೆ ಎಂದೂ ಒಂಟಿಯಾಗಿ ಇರುವುದಿಲ್ಲ. ಆಕ್ಸಿಜನ್‌ನೊಂದಿಗೆ ಬಿಗಿಯಾಗಿ ಬೆಸೆದುಕೊಂಡಿರುತ್ತದೆ. ಕಬ್ಬಿಣದ ಅದಿರನ್ನು ಇದ್ದಿಲಿನೊಂದಿಗೆ ಸುಟ್ಟರೆ ಇದ್ದಿಲು ಆಕ್ಸಿಜನ್ನನ್ನು ಎಳೆದುಕೊಂಡು ಕಬ್ಬಿಣವನ್ನು ಬಿಟ್ಟುಕೊಡುತ್ತದೆ. ನಮ್ಮ ಹಳೆಯ ಕಮ್ಮಾರರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅಲ್ಯೂಮಿನಿಯಂ ಈ ಬೆದರಿಕೆಗೆ ಜಗ್ಗುವುದಿಲ್ಲ.

1825ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, 1827ರಲ್ಲಿ ಜರ್ಮನಿಯ ವೋಲರ್ ಬಹಳ ಕಷ್ಟಪಟ್ಟು ಚಿಟಿಕೆಯಷ್ಟು ಅಲ್ಯೂಮಿನಿಯಂ ಬೇರ್ಪಡಿಸಿದರು. 1854ರಲ್ಲಿ ಫ್ರಾನ್ಸಿನ ಡೆವಿಲ್ ಎಂಬ ರಸಾಯನ ವಿಜ್ಞಾನಿ ಸೋಡಿಯಂ ಬಳಸಿ ಅದನ್ನು ಗಟ್ಟಿಗಳಾಗಿ ತೆಗೆಯುವ ದಾರಿ ಹುಡುಕಿದರು. ಸೋಡಿಯಂ ತಾನೇ ದುಬಾರಿ, ಹಾಗಾಗಿ ಅಲ್ಯೂಮಿನಿಯಂ ಕೂಡ ದುಬಾರಿ. ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ಅಲ್ಯೂಮಿನಿಯಂನ ಊಟದ ಸಾಮಾನುಗಳನ್ನು ಇಟ್ಟುಕೊಂಡಿದ್ದನಂತೆ. ಈಗ ಅಂಥ ಚಮಚ ಸಂತೆಯಲ್ಲಿ ರಾಶಿ ಬಿದ್ದಿರುತ್ತದೆ!

ಅಮೆರಿಕದವರು ತಮ್ಮ ಮೊದಲ ಅಧ್ಯಕ್ಷ ವಾಷಿಂಗ್ಟನ್ ನೆನಪಿಗೆ ಎತ್ತರದ ಸ್ತಂಭವೊಂದನ್ನು ಕಟ್ಟಿದರು. ಅದರ ತುತ್ತತುದಿಗೆ ಸುಮಾರು 2.8 ಕಿಲೊ ತೂಕದ ಪುಟ್ಟ ಅಲ್ಯೂಮಿನಿಯಂ ಶಿಖರ ಇಟ್ಟರು. ಅಷ್ಟು ದೊಡ್ಡ ಅಲ್ಯೂಮಿನಿಯಂ ಎರಕ ಆಗಿನ ಕಾಲಕ್ಕೆ ಅಚ್ಚರಿಯ ವಸ್ತು. ಆ ಶಿಖರ ಏರಿದ ದಿನ 1884ರ ಡಿಸೆಂಬರ್ 6. ಕಾಕತಾಳೀಯವೆಂದರೆ, ಅಂದೇ ಒಹಾಯೊ ರಾಜ್ಯದ ಒಂದು ಸಣ್ಣ ಊರಿನಲ್ಲಿ ಚಾರ್ಲ್ಸ್ ಹಾಲ್ ಎಂಬ ವಿದ್ಯಾರ್ಥಿಗೆ ಇಪ್ಪತ್ತೊಂದು ವರ್ಷ ತುಂಬಿತು.

ಅಪ್ಪನ ಕಪಾಟಿನ ಹಳೆಯ ಪುಸ್ತಕ

ಚಾರ್ಲ್ಸ್ ಮಾರ್ಟಿನ್ ಹಾಲ್ ಹುಟ್ಟಿದ್ದು 1863ರ ಡಿಸೆಂಬರ್ 6ರಂದು, ಒಹಾಯೊದ ಥಾಂಪ್ಸನ್ ಎಂಬಲ್ಲಿ. ತಂದೆ ಹರ್ಮನ್ ಹಾಲ್ ಪಾದ್ರಿ, ತಾಯಿ ಸೊಫ್ರೋನಿಯಾ. ಮನೆ ತುಂಬ ಮಕ್ಕಳು, ಕೈಯಲ್ಲಿ ಹೆಚ್ಚು ಹಣವಿಲ್ಲ. 1873ರಲ್ಲಿ ಕುಟುಂಬ ಓಬರ್ಲಿನ್ ಎಂಬ ಊರಿಗೆ ಬಂದು ನೆಲೆಸಿತು. ಅಲ್ಲಿ ಒಂದು ಒಳ್ಳೆಯ ಕಾಲೇಜು ಇತ್ತು. ಹೆಣ್ಣುಮಕ್ಕಳಿಗೂ ಕಪ್ಪು ಜನಾಂಗದವರಿಗೂ ಬಾಗಿಲು ತೆರೆದಿದ್ದ ಕಾಲೇಜು ಅದು. ಆ ಕಾಲದ ಅಮೆರಿಕದಲ್ಲಿ ಅದು ಅಪರೂಪ.

ಅಪ್ಪನ ಕಪಾಟಿನಲ್ಲಿ 1840ರ ದಶಕದ ಒಂದು ರಸಾಯನ ವಿಜ್ಞಾನದ ಪಠ್ಯಪುಸ್ತಕ ಇತ್ತು. ಓದಲು ಕಲಿತ ಸ್ವಲ್ಪ ಕಾಲದಲ್ಲೇ ಚಾರ್ಲ್ಸ್ ಅದನ್ನು ಹಿಡಿದು ಕುಳಿತ. ಎಲ್ಲ ಅರ್ಥವಾಯಿತೆಂದಲ್ಲ, ಆದರೆ ಮನೆಯಲ್ಲಿ ಸಿಕ್ಕಿದ ಸಾಮಾನುಗಳಿಂದ ಪ್ರಯೋಗ ಮಾಡುವ ಹುಚ್ಚು ಹಿಡಿಯಿತು. ಅವನಿಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಜೂಲಿಯಾ ಕೂಡ ಓಬರ್ಲಿನ್ ಕಾಲೇಜಿನಲ್ಲಿ ಓದಿ, ರಸಾಯನ ವಿಜ್ಞಾನವನ್ನೂ ಕಲಿತು, 1881ರಲ್ಲಿ ಪದವಿ ಪಡೆದಳು. ತಾಯಿ ಕಾಯಿಲೆ ಬಿದ್ದಾಗ, 1885ರಲ್ಲಿ ತೀರಿಕೊಂಡ ಮೇಲೆ, ಮನೆಯ ಹೊಣೆಯೆಲ್ಲ ಜೂಲಿಯಾಳ ಹೆಗಲಿಗೆ ಬಿತ್ತು. ಅಡುಗೆ, ಮನೆಗೆಲಸ, ತಂಗಿಯರ ಆರೈಕೆ ಎಲ್ಲ ಮುಗಿಸಿ ಅವಳು ತಮ್ಮನ ಪ್ರಯೋಗದ ಕಡೆಗೂ ಬರುತ್ತಿದ್ದಳು. ಅವಳನ್ನು ನೆನಪಿಟ್ಟುಕೊಳ್ಳಿ, ಈ ಕಥೆಯಲ್ಲಿ ಮತ್ತೆ ಬರುತ್ತಾಳೆ.

1880ರಲ್ಲಿ ಚಾರ್ಲ್ಸ್ ಅದೇ ಕಾಲೇಜು ಸೇರಿದ. ಅಲ್ಲಿ ರಸಾಯನ ವಿಜ್ಞಾನ ಕಲಿಸುತ್ತಿದ್ದವರು ಫ್ರಾಂಕ್ ಫ್ಯಾನಿಂಗ್ ಜುವೆಟ್. ಅವರು ಜರ್ಮನಿಯ ಗಾಟಿಂಗನ್‌ನಲ್ಲಿ ಓದಿ ಬಂದವರು. ಅಲ್ಯೂಮಿನಿಯಂ ಬೇರ್ಪಡಿಸಿದ ವೋಲರ್ ಇದ್ದ ಊರು ಅದೇ. ಜುವೆಟ್ ಅವರ ಬಳಿ ಅಲ್ಯೂಮಿನಿಯಂನ ಒಂದು ಚೂರು ಇತ್ತು. ಅದನ್ನು ತರಗತಿಯಲ್ಲಿ ತೋರಿಸಿ, ಇದನ್ನು ಅಗ್ಗವಾಗಿ ತಯಾರಿಸುವ ದಾರಿ ಕಂಡುಹಿಡಿದವನು ಲೋಕಕ್ಕೆ ಉಪಕಾರ ಮಾಡುವುದಲ್ಲದೆ ತಾನೂ ಸಿರಿವಂತನಾಗುತ್ತಾನೆ ಎಂಬ ಅರ್ಥದ ಮಾತು ಹೇಳಿದರು. ಎಷ್ಟೋ ತರಗತಿಗಳಲ್ಲಿ ಎಷ್ಟೋ ಮೇಷ್ಟ್ರುಗಳು ಇಂಥ ಮಾತು ಹೇಳುತ್ತಾರೆ, ಮಕ್ಕಳು ಕೇಳಿ ಮರೆಯುತ್ತಾರೆ. ಚಾರ್ಲ್ಸ್ ಮರೆಯಲಿಲ್ಲ. 1885ರಲ್ಲಿ ಪದವಿ ಪಡೆದ ಮೇಲೂ ಮೇಷ್ಟ್ರ ಸಲಹೆ, ಅವರ ಪ್ರಯೋಗಶಾಲೆಯ ಸಾಮಾನು ಅವನಿಗೆ ಸಿಗುತ್ತಲೇ ಇತ್ತು.

ಕೊಟ್ಟಿಗೆಯಲ್ಲಿ ಕುಲುಮೆ

ಅವನ ಪ್ರಯೋಗಶಾಲೆ ಮನೆಯ ಹಿಂದಿನ ಸೌದೆ ಕೊಟ್ಟಿಗೆ. ಅವನ ಆಲೋಚನೆ ಹೀಗಿತ್ತು: ಇದ್ದಿಲಿಗೆ ಬಗ್ಗದ ಆಕ್ಸಿಜನ್ನನ್ನು ವಿದ್ಯುತ್ತಿನಿಂದ ಬಿಡಿಸಬಹುದು. ದ್ರವವೊಂದರಲ್ಲಿ ವಿದ್ಯುತ್ ಹರಿಸಿ ಅದರಲ್ಲಿರುವ ಧಾತುಗಳನ್ನು ಬೇರ್ಪಡಿಸುವುದಕ್ಕೆ ವಿದ್ಯುದ್ವಿಭಜನೆ ಎನ್ನುತ್ತಾರೆ. ಆದರೆ ಅಲ್ಯೂಮಿನಿಯಂ ಆಕ್ಸೈಡ್, ಅಂದರೆ ಅಲ್ಯೂಮಿನ, ಒಂದು ಬಿಳಿ ಪುಡಿ. ಅದು ಕರಗಿ ದ್ರವವಾಗಲು 2000 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾವು ಬೇಕು. ಅಷ್ಟು ಕಾವಿಗೆ ಅವನ ಕುಲುಮೆಯೇ ಕರಗಿಹೋಗುತ್ತಿತ್ತು. ನೀರಿನಲ್ಲಿ ಅದು ಕರಗುವುದೇ ಇಲ್ಲ. ಅಲ್ಯೂಮಿನಿಯಂನ ಬೇರೊಂದು ಲವಣವನ್ನು ನೀರಿನಲ್ಲಿ ಕರಗಿಸಿ ವಿದ್ಯುತ್ ಹರಿಸಿದ. ಬಂದದ್ದು ಲೋಹವಲ್ಲ, ಅಂಟು ಅಂಟಾದ ಹೈಡ್ರಾಕ್ಸೈಡ್.

ಹಾಗಾದರೆ ಅಲ್ಯೂಮಿನವನ್ನು ಕರಗಿಸಿಕೊಳ್ಳುವ, ಆದರೆ ತಾನು ಕಡಿಮೆ ಕಾವಿನಲ್ಲಿ ದ್ರವವಾಗುವ ವಸ್ತು ಯಾವುದು? ಸಕ್ಕರೆಗೆ ನೀರು ಇದ್ದಂತೆ ಅಲ್ಯೂಮಿನಕ್ಕೆ ಒಂದು ದ್ರಾವಕ ಬೇಕಿತ್ತು. ಒಂದಾದ ಮೇಲೊಂದು ಫ್ಲೋರೈಡ್ ಲವಣಗಳನ್ನು ಕಾಯಿಸಿ ನೋಡಿದ. ಕೆಲವು ಅವನ ಕುಲುಮೆಯ ಕಾವಿಗೆ ಕರಗಲೇ ಇಲ್ಲ. 1886ರ ಫೆಬ್ರವರಿ ಎರಡನೆಯ ವಾರದಲ್ಲಿ ಕ್ರಯೊಲೈಟ್ ಎಂಬ ಖನಿಜದ ಸರದಿ ಬಂತು. ಗ್ರೀನ್‌ಲ್ಯಾಂಡಿನಲ್ಲಿ ಸಿಗುತ್ತಿದ್ದ, ಮಂಜುಗಡ್ಡೆಯಂತೆ ಕಾಣುವ ಕಲ್ಲು ಅದು. ಸುಮಾರು 1000 ಡಿಗ್ರಿಯಲ್ಲಿ ಅದು ಕರಗಿತು. ಅದರೊಳಗೆ ಹಾಕಿದ ಅಲ್ಯೂಮಿನ ಸಕ್ಕರೆಯಂತೆ ಮಾಯವಾಯಿತು!

ಇನ್ನು ವಿದ್ಯುತ್ ಹರಿಸುವುದೊಂದೇ ಬಾಕಿ. ಆದರೆ ಮನೆಗೆ ವಿದ್ಯುತ್ ಇರಲಿಲ್ಲ. ಜಾಡಿಗಳಲ್ಲಿ ಆಮ್ಲ ತುಂಬಿ, ಸತುವಿನ ಮತ್ತು ಕಾರ್ಬನ್ನಿನ ತುಂಡುಗಳನ್ನು ಇಳಿಬಿಟ್ಟು ವಿದ್ಯುತ್‌ಕೋಶಗಳನ್ನು ತಾನೇ ಮಾಡಿದ. ಕೆಲವನ್ನು ಜುವೆಟ್ ಮೇಷ್ಟ್ರ ಬಳಿ ಎರವಲು ತಂದ. ಮಣ್ಣಿನ ಮೂಸೆಯಲ್ಲಿ ಕ್ರಯೊಲೈಟ್ ಕರಗಿಸಿ ವಿದ್ಯುತ್ ಹರಿಸಿದಾಗ ತಳದಲ್ಲಿ ಬೂದು ಬಣ್ಣದ ಏನೋ ಕೂತಿತು. ಅಲ್ಯೂಮಿನಿಯಂ ಅಲ್ಲ. ಎಲ್ಲಿ ತಪ್ಪಿತು? ಮತ್ತೆ ಮಾಡಿದ, ಮತ್ತೆ ಅದೇ. ಕೊನೆಗೆ ಅನುಮಾನ ಹೋದದ್ದು ಮೂಸೆಯ ಮೇಲೆ. ಬಿಸಿ ಕ್ರಯೊಲೈಟು ಮೂಸೆಯ ಮಣ್ಣನ್ನೇ ಕರಗಿಸಿಕೊಂಡು, ಅದರಲ್ಲಿದ್ದ ಸಿಲಿಕಾದಿಂದ ಸಿಲಿಕಾನ್ ಬರುತ್ತಿತ್ತು. ಪಾತ್ರೆಯೇ ಸಾರಿಗೆ ಬೆರೆತರೆ ರುಚಿ ಕೆಡದೆ ಇರುತ್ತದೆಯೇ? ಮೂಸೆಯ ಒಳಗೆ ಗ್ರಾಫೈಟಿನ ಪದರ ಕೂರಿಸಿದ. ಈ ಒಂದು ಹೆಜ್ಜೆಯನ್ನು ನಾನು ಈ ಕಥೆಯಲ್ಲಿ ಎಲ್ಲಕ್ಕಿಂತ ಮೆಚ್ಚುತ್ತೇನೆ. ಸೋತಾಗ ಎಲ್ಲರೂ ಒಳಗಿನ ಪದಾರ್ಥವನ್ನು ಬದಲಾಯಿಸುತ್ತಾರೆ. ಇವನು ಪಾತ್ರೆಯನ್ನು ಅನುಮಾನಿಸಿದ.

1886ರ ಫೆಬ್ರವರಿ 23. ಕೆಲವು ಗಂಟೆ ವಿದ್ಯುತ್ ಹರಿಸಿ, ಮೂಸೆ ತಣ್ಣಗಾದ ಮೇಲೆ ಒಳಗಿನ ಗಟ್ಟಿಯನ್ನು ಒಡೆದು ನೋಡಿದರೆ ಬೆಳ್ಳಿಯಂತೆ ಹೊಳೆಯುವ ಸಣ್ಣ ಸಣ್ಣ ಗುಂಡುಗಳು! ಅವನ್ನು ಹಿಡಿದುಕೊಂಡು ಚಾರ್ಲ್ಸ್ ಹೋದದ್ದು ಜುವೆಟ್ ಮೇಷ್ಟ್ರ ಬಳಿಗೆ.

ಸಮುದ್ರದಾಚೆ ಇನ್ನೊಬ್ಬ

ಇದೇ ಸಮಯಕ್ಕೆ ಫ್ರಾನ್ಸಿನಲ್ಲಿ ಪಾಲ್ ಹೆರೂಲ್ಟ್ ಎಂಬ ಯುವಕನಿದ್ದ. ಅವನೂ 1863ರಲ್ಲೇ ಹುಟ್ಟಿದವನು. ಹದಿನೈದನೆಯ ವಯಸ್ಸಿನಲ್ಲಿ ಅಲ್ಯೂಮಿನಿಯಂ ಕುರಿತ ಡೆವಿಲ್ ಅವರ ಪುಸ್ತಕ ಓದಿ ಅದರ ಬೆನ್ನು ಹತ್ತಿದವನು. ತಂದೆಯಿಂದ ಬಂದ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಪ್ರಯೋಗ ನಡೆಸುತ್ತಿದ್ದವನು. ಅವನಿಗೂ ಹೊಳೆದದ್ದು ಅದೇ ಕ್ರಯೊಲೈಟ್, ಅದೇ ವಿದ್ಯುತ್! ಒಬ್ಬರಿಗೆ ಇನ್ನೊಬ್ಬರ ಸುಳಿವಿರಲಿಲ್ಲ. ಹೆರೂಲ್ಟ್ 1886ರ ಏಪ್ರಿಲ್ 23ರಂದು ಫ್ರಾನ್ಸಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಹಾಲ್ ಅಮೆರಿಕದಲ್ಲಿ ಅರ್ಜಿ ಹಾಕಿದ್ದು ಜುಲೈ 9ರಂದು. ಅರ್ಜಿಯ ಲೆಕ್ಕದಲ್ಲಿ ಹೆರೂಲ್ಟ್ ಮುಂದೆ.

ಅಮೆರಿಕದ ಕಾನೂನು ಆಗ ಅರ್ಜಿಯ ದಿನಕ್ಕಿಂತ ಮೊದಲು ಮಾಡಿ ತೋರಿಸಿದ ದಿನ ಯಾವುದೆಂದು ನೋಡುತ್ತಿತ್ತು. ಫೆಬ್ರವರಿ 23ರಂದೇ ಮಾಡಿದ್ದೆ ಎಂದು ಹಾಲ್ ಹೇಳಿದರೆ ಯಾರು ನಂಬಬೇಕು? ಇಲ್ಲಿ ಜೂಲಿಯಾ ಬರುತ್ತಾಳೆ. ಚಾರ್ಲ್ಸ್ ತನ್ನ ಅಣ್ಣನಿಗೆ ಬರೆದಿದ್ದ ಕಾಗದಗಳು ದಿನಾಂಕ ಸಮೇತ ಉಳಿದಿದ್ದವು. ಕೊಟ್ಟಿಗೆಯಲ್ಲಿ ಯಾವಾಗ ಏನು ನಡೆಯಿತೆಂದು ಕಣ್ಣಾರೆ ಕಂಡಿದ್ದ ಜೂಲಿಯಾ ಎಲ್ಲವನ್ನೂ ಕ್ರಮವಾಗಿ ಬರೆದುಕೊಟ್ಟಳು, ಸಾಕ್ಷಿ ಹೇಳಿದಳು. ಜುವೆಟ್ ಮೇಷ್ಟ್ರೂ ಸಾಕ್ಷಿಯಾದರು. 1889ರ ಏಪ್ರಿಲ್ 2ರಂದು ಹಾಲ್‌ಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಯುರೋಪಿನಲ್ಲಿ ಹೆರೂಲ್ಟ್‌ನ ಹಕ್ಕು ನಿಂತಿತು. ವಿಧಾನಕ್ಕೆ ಮಾತ್ರ ಇಬ್ಬರ ಹೆಸರೂ ಉಳಿಯಿತು: ಹಾಲ್-ಹೆರೂಲ್ಟ್ ವಿಧಾನ. ಇಂದಿಗೂ ಜಗತ್ತಿನಲ್ಲಿ ಅದಿರಿನಿಂದ ಅಲ್ಯೂಮಿನಿಯಂ ತೆಗೆಯುವುದು ಇದೇ ವಿಧಾನದಲ್ಲಿ.

ಕೊಳ್ಳುವವರೇ ಇಲ್ಲ

ಕಂಡುಹಿಡಿದಾಯಿತು, ಇನ್ನು ಹಣ ಹೂಡುವವರು ಬೇಕು. ಬೇರೊಂದು ಕಂಪನಿಯಲ್ಲಿ ಹಾಲ್ ಸುಮಾರು ಒಂದು ವರ್ಷ ಪ್ರಯೋಗ ನಡೆಸಿದ. ಅವರಿಗೆ ನಂಬಿಕೆ ಬರಲಿಲ್ಲ. 1888ರಲ್ಲಿ ಪಿಟ್ಸ್‌ಬರ್ಗ್ ನಗರದ ಲೋಹತಜ್ಞ ಆಲ್ಫ್ರೆಡ್ ಹಂಟ್ ಮತ್ತು ಗೆಳೆಯರು 20,000 ಡಾಲರ್ ಒಟ್ಟುಗೂಡಿಸಿ ಕಂಪನಿ ತೆರೆದರು. ಆ ವರ್ಷದ ನವೆಂಬರಿನಲ್ಲಿ ಹಾಲ್ ಮತ್ತು ಆರ್ಥರ್ ಡೇವಿಸ್ ಎಂಬ ತರುಣ ಸೇರಿ ಮೊದಲ ಗಟ್ಟಿಗಳನ್ನು ತೆಗೆದರು. ಕೊಟ್ಟಿಗೆಯಲ್ಲಿ ಹೊರಗಿನಿಂದ ಬೆಂಕಿ ಹಾಕಬೇಕಿತ್ತು. ಇಲ್ಲಿ ತೊಟ್ಟಿ ದೊಡ್ಡದಾದಂತೆ ಹರಿಯುವ ವಿದ್ಯುತ್ತೇ ಅದನ್ನು ಬಿಸಿಯಾಗಿ ಇಡುತ್ತದೆಂದು ತಿಳಿಯಿತು. ಸಣ್ಣ ಪ್ರಯೋಗದಲ್ಲಿ ಕಾಣದ ಅನುಕೂಲ ದೊಡ್ಡದರಲ್ಲಿ ಕಂಡಿತು.

ಆದರೆ ಲೋಹವನ್ನು ಕೊಳ್ಳುವವರು ಯಾರು? ಜನರಿಗೆ ಅದರ ಪರಿಚಯವೇ ಇಲ್ಲ. ಮೊದಲು ಕೊಂಡವರು ಉಕ್ಕು ತಯಾರಕರು. ಕರಗಿದ ಉಕ್ಕಿಗೆ ಚೂರು ಅಲ್ಯೂಮಿನಿಯಂ ಹಾಕಿದರೆ ಅದರಲ್ಲಿನ ಆಕ್ಸಿಜನ್ ಹೋಗಿ ಗುಳ್ಳೆಗಳಿಲ್ಲದ ಗಟ್ಟಿ ಸಿಗುತ್ತದೆ. ಆಮೇಲೆ ಕೆಟಲ್ಲು, ಪಾತ್ರೆಗಳು ಬಂದವು. 1888ರ ಸುಮಾರಿನಲ್ಲಿ ಪೌಂಡಿಗೆ ಐದು ಡಾಲರಿನ ಆಸುಪಾಸು ಇದ್ದ ಬೆಲೆ 1893ರ ಹೊತ್ತಿಗೆ ಒಂದು ಡಾಲರಿಗಿಂತ ಕೆಳಗೆ ಇಳಿಯಿತು. ಆಮೇಲೂ ಇಳಿಯುತ್ತಲೇ ಹೋಯಿತು. ಪೇಟೆಂಟಿನ ಬಗ್ಗೆ ಬೇರೆ ಕಂಪನಿಯೊಂದರ ಜೊತೆ ವ್ಯಾಜ್ಯವೂ ನಡೆಯಿತು. 1893ರಲ್ಲಿ ಹಾಲ್ ಪರವಾಗಿ ತೀರ್ಪು ಕೊಟ್ಟ ನ್ಯಾಯಾಧೀಶ ವಿಲಿಯಂ ಟ್ಯಾಫ್ಟ್ ಮುಂದೆ ಅಮೆರಿಕದ ಅಧ್ಯಕ್ಷನೇ ಆದ.

ಈ ಲೋಹದ ನಿಜವಾದ ಆಹಾರ ವಿದ್ಯುತ್. ಆದ್ದರಿಂದಲೇ ಕಂಪನಿ 1895ರಲ್ಲಿ ನಯಾಗರ ಜಲಪಾತದ ಬಳಿಗೆ ಹೋಗಿ, ಅಲ್ಲಿನ ಹೊಸ ಜಲವಿದ್ಯುತ್ತಿನ ಮೊದಲ ದೊಡ್ಡ ಗ್ರಾಹಕನಾಯಿತು. (ನಮ್ಮ ಶಿವನಸಮುದ್ರದಲ್ಲಿ ಜಲವಿದ್ಯುತ್ ಶುರುವಾದದ್ದು 1902ರಲ್ಲಿ. ಅದು ಹೋದದ್ದು ಕೋಲಾರದ ಚಿನ್ನದ ಗಣಿಗೆ.) ಒಂದು ಕಿಲೊ ಅಲ್ಯೂಮಿನಿಯಂ ತೆಗೆಯಲು ಇಂದೂ ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಒಂದೂವರೆ ಕಿಲೊ ಫ್ರೇಮಿಗೆ ಸುಮಾರು 20 ಯೂನಿಟ್. ಇದರಿಂದ 9 ವಾಟಿನ ಒಂದು ಎಲ್‌ಇಡಿ ಬಲ್ಬನ್ನು ದಿನಕ್ಕೆ ಆರು ಗಂಟೆಯಂತೆ ಒಂದು ವರ್ಷ ಉರಿಸಬಹುದು, ಲೆಕ್ಕ ಹಾಕಿ ನೋಡಿ! ಹಳೆಯ ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಿದರೆ ಇದರ ಇಪ್ಪತ್ತನೆಯ ಒಂದು ಪಾಲು ಶಕ್ತಿ ಸಾಕು. ಗುಜರಿಯವರು ನಿಮ್ಮ ಸೊಟ್ಟ ಪಾತ್ರೆಗೆ ಕಬ್ಬಿಣಕ್ಕಿಂತ ಹೆಚ್ಚು ಬೆಲೆ ಕೊಡುವುದು ಸುಮ್ಮನೆ ಅಲ್ಲ. ನಮ್ಮ ರಾಜ್ಯದ ಬೆಳಗಾವಿಯಲ್ಲೂ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನ ತಯಾರಿಸುವ ದೊಡ್ಡ ಕಾರ್ಖಾನೆ ಇದೆ.

ಮೆತ್ತನೆಯ ಲೋಹ ಸೈಕಲ್ಲಾದದ್ದು

ಶುದ್ಧ ಅಲ್ಯೂಮಿನಿಯಂ ಬಲು ಮೆತ್ತಗೆ. ಹಳೆಯ ಅಲ್ಯೂಮಿನಿಯಂ ತಟ್ಟೆ ಕೈಯಲ್ಲೇ ಬಾಗುತ್ತದಲ್ಲವೇ? 1890ರ ದಶಕದಲ್ಲೇ ಅಮೆರಿಕ, ಫ್ರಾನ್ಸ್‌ಗಳಲ್ಲಿ ಅಲ್ಯೂಮಿನಿಯಂ ಸೈಕಲ್ ಮಾಡಿದರು. ಆದರೆ ಉಕ್ಕಿನ ಸೈಕಲ್ಲನ್ನು ಬದಿಗೊತ್ತಲು ಅವಕ್ಕೆ ಆಗಲಿಲ್ಲ. ಬೇರೆ ಲೋಹ ಬೆರೆಸಿದರೆ ಗಟ್ಟಿಯಾಗುತ್ತದೆ ಎಂಬುದೇನೋ ಗೊತ್ತಿತ್ತು. ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಎಂಜಿನ್ನಿನ ಮುಖ್ಯ ಎರಕ ತಾಮ್ರ ಬೆರೆಸಿದ ಅಲ್ಯೂಮಿನಿಯಂ. ಆ ಅಲ್ಯೂಮಿನಿಯಂ ಹೋದದ್ದು ಹಾಲ್‌ನ ಕಂಪನಿಯಿಂದಲೇ.

1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಒಂದು ವಿಚಿತ್ರ ಕಂಡರು. ತಾಮ್ರ, ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂ ಅನ್ನು ಕಾಯಿಸಿ ತಟ್ಟನೆ ತಣಿಸಿದರು. ಶನಿವಾರ ಅದರ ಗಡಸುತನ ಅಳೆದರು. ರಜೆ ಮುಗಿಸಿ ಬಂದು ಮತ್ತೆ ಅಳೆದರೆ ಅದು ಇನ್ನೂ ಗಡಸಾಗಿತ್ತು! ಸುಮ್ಮನೆ ಇಟ್ಟರೂ ಬಲಿಯುವ ಲೋಹ. ಒಳಗೆ ಬೆರೆತ ಪರಮಾಣುಗಳು ನಿಧಾನವಾಗಿ ಗುಂಪುಗೂಡಿ, ಲೋಹದ ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುತ್ತವೆ ಎಂಬ ಕಾರಣ ಆಮೇಲೆ ತಿಳಿಯಿತು. ವಿಮಾನಗಳ ಮೈ ಅಲ್ಯೂಮಿನಿಯಂ ಆದದ್ದು ಹೀಗೆ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆ ಶುರುವಾಯಿತು. ಅಲ್ಲಿ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಮೊದಲ ಬಾರಿ ಹಾರಿತು. ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳಲ್ಲೂ ಬಹುಪಾಲು ಇದೇ ಲೋಹದ ಮೈಯವು.

ಸೈಕಲ್ ಫ್ರೇಮಿಗೆ ಸಾಮಾನ್ಯವಾಗಿ ಮೆಗ್ನೀಸಿಯಂ ಮತ್ತು ಸಿಲಿಕಾನ್ ಬೆರೆಸಿದ ಮಿಶ್ರಲೋಹ ಬಳಸುತ್ತಾರೆ. ಹೌದು, ಹಾಲ್‌ನ ಮೂಸೆಯಲ್ಲಿ ಕಾಟ ಕೊಟ್ಟ ಅದೇ ಸಿಲಿಕಾನ್! ಅಲ್ಯೂಮಿನಿಯಂ ಸಾಂದ್ರತೆ ಉಕ್ಕಿನದಕ್ಕಿಂತ ಸುಮಾರು ಮೂರನೆಯ ಒಂದು ಪಾಲು. ಹಾಗಾದರೆ ಅದೇ ಅಳತೆಯ ಕೊಳವೆ ಮಾಡಿದರೆ ಮುಗಿಯಿತೇ? ಇಲ್ಲ. ಬಾಗದೆ ನಿಲ್ಲುವ ಗುಣವೂ ಉಕ್ಕಿನ ಮೂರನೆಯ ಒಂದು ಪಾಲೇ. ಪಂದ್ಯದ ಸವಾರ ಜೋರಾಗಿ ತುಳಿದಾಗ ಫ್ರೇಮು ಬಳುಕಿದರೆ ಅವನ ಬಲ ಚಕ್ರಕ್ಕೆ ಪೂರ್ತಿ ಹೋಗುವುದಿಲ್ಲ. ಟ್ರ್ಯಾಕ್ ಸೈಕಲ್ಲಿನಲ್ಲಂತೂ ಸವಾರ ನಿಂತ ಸ್ಥಿತಿಯಿಂದ ಒಂದೇ ಗೇರಿನಲ್ಲಿ ಎದ್ದು ನಿಂತು ತುಳಿಯುತ್ತಾನೆ. ಆದ್ದರಿಂದ ಕೊಳವೆಯನ್ನು ದಪ್ಪ ಮಾಡುತ್ತಾರೆ. ಗೋಡೆಯ ದಪ್ಪ ಅಷ್ಟೇ ಇಟ್ಟು ಕೊಳವೆಯ ವ್ಯಾಸವನ್ನು ಎರಡರಷ್ಟು ಮಾಡಿದರೆ ತೂಕ ಎರಡರಷ್ಟಾಗುತ್ತದೆ, ಬಿಗಿತ ಮಾತ್ರ ಎಂಟರಷ್ಟಾಗುತ್ತದೆ! ಅಲ್ಯೂಮಿನಿಯಂ ಸೈಕಲ್ಲುಗಳ ಕೊಳವೆಗಳು ದಪ್ಪ ದಪ್ಪ ಇರುವುದಕ್ಕೆ ಇದೇ ಕಾರಣ.

ಇದನ್ನು ತರಗತಿಯಲ್ಲೇ ಮಾಡಿ ನೋಡಿ. ಹಳೆಯ ಕ್ಯಾಲೆಂಡರಿನ ಒಂದೇ ಅಳತೆಯ ಎರಡು ಹಾಳೆ ತೆಗೆದುಕೊಳ್ಳಿ. ಒಂದನ್ನು ಬೆರಳಿನ ಗಾತ್ರಕ್ಕೆ, ಇನ್ನೊಂದನ್ನು ಮೂರು ಬೆರಳು ಸೇರಿಸಿದಷ್ಟು ಗಾತ್ರಕ್ಕೆ ಸುತ್ತಿ ಅಂಟಿಸಿ. ಎರಡು ಪುಸ್ತಕದ ಕಟ್ಟುಗಳ ಮೇಲೆ ಸೇತುವೆಯಂತೆ ಇಡಿ. ನಡುವೆ ದಾರದಿಂದ ಲೋಟ ಕಟ್ಟಿ ಒಂದೊಂದೇ ಕಲ್ಲು ಹಾಕಿ. ಯಾವುದು ಮೊದಲು ಜೋತು ಬೀಳುತ್ತದೆ ಗಮನಿಸಿ. ದಪ್ಪ ಕೊಳವೆಯನ್ನೂ ಗಮನಿಸಿ: ದಾರ ಕಚ್ಚಿದ ಜಾಗದಲ್ಲಿ ಅದು ನೆಗ್ಗಬಹುದು. ಕೊಳವೆ ದಪ್ಪವಾಗಿ ಅದರ ಗೋಡೆ ತೀರಾ ತೆಳುವಾದರೆ ಹೀಗೆಯೇ ಆಗುತ್ತದೆ. ಫ್ರೇಮು ಮಾಡುವವರು ಈ ಎರಡರ ನಡುವೆ ದಾರಿ ಹುಡುಕಬೇಕು. ಆದ್ದರಿಂದಲೇ ಅವರು ಕೊಳವೆಯ ತುದಿಗಳಲ್ಲಿ ಗೋಡೆಯನ್ನು ದಪ್ಪವಾಗಿಯೂ ನಡುವೆ ತೆಳ್ಳಗೂ ಇಡುತ್ತಾರೆ.

ಬೆಸುಗೆಯೂ ಸುಲಭವಲ್ಲ. ಉಕ್ಕಿನ ಸೈಕಲ್ ಮುರಿದರೆ ಹೊಸಕೋಟೆಯಲ್ಲೋ ನೆಲಮಂಗಲದಲ್ಲೋ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಬೆಸೆದುಕೊಡುತ್ತಾರೆ. ಅಲ್ಯೂಮಿನಿಯಂ ಫ್ರೇಮು ಹಾಗಲ್ಲ. ಗಾಳಿ ತಾಗಿದ ಕೂಡಲೇ ಅದರ ಮೇಲೆ ಅಲ್ಯೂಮಿನದ ತೆಳು ಪೊರೆ ಕಟ್ಟುತ್ತದೆ. ಅದು ಉಕ್ಕಿನಂತೆ ತುಕ್ಕು ಹಿಡಿದು ಹಾಳಾಗದಿರಲು ಈ ಪೊರೆಯೇ ಕಾರಣ. ಆದರೆ ಒಳಗಿನ ಲೋಹ ಸುಮಾರು 660 ಡಿಗ್ರಿಗೆ ಕರಗಿದರೆ ಮೇಲಿನ ಪೊರೆಗೆ 2000 ಡಿಗ್ರಿ ದಾಟಬೇಕು. ಹಾಲ್‌ನನ್ನು ಕಾಡಿದ ಅದೇ ಅಲ್ಯೂಮಿನ ಇಲ್ಲಿ ಬೆಸುಗೆಯವನನ್ನು ಕಾಡುತ್ತದೆ! ಪೊರೆ ತೆಗೆದು, ಗಾಳಿ ತಾಗದಂತೆ ಆರ್ಗಾನ್ ಅನಿಲದ ಮರೆಯಲ್ಲಿ ಬೆಸೆಯುತ್ತಾರೆ. ಬೆಸುಗೆಯ ಕಾವಿಗೆ ಮೆತ್ತಗಾದ ಜಾಗ ಮತ್ತೆ ಬಲಿಯಲೆಂದು ಇಡೀ ಫ್ರೇಮನ್ನು ಕಾಯಿಸಿ, ತಣಿಸಿ, ಮತ್ತೆ ಹಿತವಾದ ಕಾವಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಇಷ್ಟಾದರೂ ಒಂದು ದೋಷ ಉಳಿಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಮುರಿಯುವಂತೆ, ಸಾವಿರಾರು ಬಾರಿ ಸಣ್ಣ ಹೊರೆ ಬಿದ್ದರೂ ಅಲ್ಯೂಮಿನಿಯಂ ದಣಿಯುತ್ತಾ ಹೋಗುತ್ತದೆ. ಉಕ್ಕು ಒಂದು ಮಿತಿಯೊಳಗಿನ ಹೊರೆಯನ್ನು ಬಹುಕಾಲ ಸಹಿಸುತ್ತದೆ. ನಮ್ಮ ತಾತನ ಉಕ್ಕಿನ ಸೈಕಲ್ಲು ಹಾಲಿನ ಕ್ಯಾನು ಹೊತ್ತು ಇಂದಿಗೂ ಓಡುತ್ತಿದ್ದರೆ ಅದನ್ನು ಹಗುರವಾಗಿ ನೋಡಬೇಡಿ.

1911ರ ಭೇಟಿ

ಹಾಲ್ ಸಿರಿವಂತನಾದ. ಮದುವೆಯಾಗಲಿಲ್ಲ. ಪಿಯಾನೊ ನುಡಿಸುವುದು ಅವನಿಗೆ ಬಹಳ ಇಷ್ಟ. 1907ರಲ್ಲಿ ಕಂಪನಿಯ ಹೆಸರು ಬದಲಾಯಿತು, ಮುಂದೆ ಅದು ಅಲ್ಕೋವಾ ಎಂದು ಪ್ರಸಿದ್ಧವಾಯಿತು. 1911ರಲ್ಲಿ ರಸಾಯನ ಕೈಗಾರಿಕೆಯ ದೊಡ್ಡ ಗೌರವವಾದ ಪರ್ಕಿನ್ ಪದಕ ಹಾಲ್‌ಗೆ ಸಂದಿತು. ಆ ಸಮಾರಂಭಕ್ಕೆ ಸಮುದ್ರ ದಾಟಿ ಬಂದವರಲ್ಲಿ ಪಾಲ್ ಹೆರೂಲ್ಟ್ ಕೂಡ ಒಬ್ಬ. ಪೇಟೆಂಟಿಗಾಗಿ ಎದುರು ಬದುರಾಗಿದ್ದ ಇಬ್ಬರು ಅಂದು ಒಂದೇ ಸಭೆಯಲ್ಲಿ ಕುಳಿತರು. ಮೂರು ವರ್ಷಗಳ ಬಳಿಕ, 1914ರ ಮೇ 9ರಂದು ಹೆರೂಲ್ಟ್, ಡಿಸೆಂಬರ್ 27ರಂದು ಹಾಲ್ ತೀರಿಕೊಂಡರು. ಹುಟ್ಟಿದ ವರ್ಷವೂ ಒಂದೇ, ಕಂಡುಹಿಡಿದ ವರ್ಷವೂ ಒಂದೇ, ಸತ್ತ ವರ್ಷವೂ ಒಂದೇ.

ಹಾಲ್ ತನ್ನ ಆಸ್ತಿಯ ಬಹುಪಾಲನ್ನು ಶಿಕ್ಷಣಕ್ಕೆ ಬರೆದಿಟ್ಟಿದ್ದ. ಮೂರನೆಯ ಒಂದು ಭಾಗ ಓಬರ್ಲಿನ್ ಕಾಲೇಜಿಗೆ. ಇನ್ನೊಂದು ದೊಡ್ಡ ಭಾಗ ಏಷ್ಯಾ ಮೊದಲಾದ ಕಡೆಗಳಲ್ಲಿ ವಿದ್ಯೆ ಹರಡಲು. ತಾಯಿಯ ನೆನಪಿಗೆ ಕಾಲೇಜಿನಲ್ಲಿ ಸಭಾಂಗಣ ಕಟ್ಟಿಸಬೇಕೆಂದೂ ಹಣ ಇಟ್ಟಿದ್ದ.

ಜೂಲಿಯಾ 1925ರವರೆಗೆ ಬದುಕಿದ್ದಳು. ಪಠ್ಯಪುಸ್ತಕಗಳಲ್ಲಿ ಅವಳ ಹೆಸರು ಬಹುಕಾಲ ಕಾಣಿಸಲಿಲ್ಲ. 1970ರ ದಶಕದಲ್ಲಿ ಇತಿಹಾಸಕಾರರು ಹಳೆಯ ಕಾಗದಗಳನ್ನು ತೆಗೆದು ಓದಿದಾಗ ಅವಳ ಪಾಲು ಬೆಳಕಿಗೆ ಬಂತು. ಅವಳು ಪ್ರಯೋಗದಲ್ಲಿ ಎಷ್ಟು ಕೈಜೋಡಿಸಿದ್ದಳು ಎಂಬುದರಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯ ಇದೆ. ಅವಳು ಬರೆದಿಟ್ಟದ್ದು ತಮ್ಮನ ಪೇಟೆಂಟಿಗೆ ಆಸರೆಯಾಯಿತು ಎಂಬುದರಲ್ಲಿ ಇಲ್ಲ. ಪ್ರಯೋಗ ಮಾಡಿದ ದಿನವೇ ದಿನಾಂಕ ಹಾಕಿ ಬರೆದಿಡಿ ಎಂದು ನಿಮ್ಮ ಮೇಷ್ಟ್ರು ಹೇಳಿದಾಗ ಅವಳು ನೆನಪಾದರೆ ಸಂತೋಷ.

ಓಬರ್ಲಿನ್‌ನಲ್ಲಿ ಹಾಲ್‌ನ ಒಂದು ಪ್ರತಿಮೆ ಇದೆ. ಯಾವ ಲೋಹದ್ದೆಂದು ಬೇರೆ ಹೇಳಬೇಕೇ? ಸೌದೆ ಕೊಟ್ಟಿಗೆಯಲ್ಲಿ ಹುಟ್ಟಿದ ಆ ಪುಟ್ಟ ಗುಂಡುಗಳನ್ನು ಅವನ ಕಂಪನಿ ಒಡವೆಗಳಂತೆ ಪೆಟ್ಟಿಗೆಯಲ್ಲಿಟ್ಟು ಕಾಪಾಡಿಕೊಂಡು ಬಂದಿತು.